ವೇದಿಕೆಯ ತೂಕ, ಮನೆಯ ತೂಕ

ಹಾಸನದ ಜಿಮ್ಮುಗಳಲ್ಲಿ ಬಾಡಿಬಿಲ್ಡಿಂಗ್, ಫಿಟ್‌ನೆಸ್ ಸ್ಪರ್ಧೆಗೆ ಇಳಿಯಬೇಕೆಂದಿರುವ ಹೆಣ್ಣುಮಕ್ಕಳಿಗೆ ಸಿಗುವ ಮೊದಲ ಉಪದೇಶ 'ಮುದ್ದೆ ಬಿಡಮ್ಮ' ಎಂಬುದು. ಬಿಡಬೇಕಾದ್ದೇನಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕಿಲೊಕ್ಯಾಲರಿ, 7 ಗ್ರಾಂ ಪ್ರೋಟೀನ್, ಜೊತೆಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕೊಬ್ಬು ಕರಗಿಸುವುದು ದಿನದ ಒಟ್ಟು ಶಕ್ತಿಯ ಕೊರತೆ. ಆ ಕೊರತೆ ಎಷ್ಟಿರಬೇಕು ಎಂಬುದರ ಮೇಲೆಯೇ ಈ ವೃತ್ತಿ ನಿಂತಿದೆ.

ಹೆಂಗಸರ ಬಾಡಿಬಿಲ್ಡಿಂಗಿನ ದೊಡ್ಡ ಸ್ಪರ್ಧೆಯಾದ ಮಿಸ್ ಒಲಿಂಪಿಯಾ ಶುರುವಾದದ್ದು 1980ರಲ್ಲಿ. ಆಗ ಇದ್ದದ್ದು ಬಾಡಿಬಿಲ್ಡಿಂಗ್ ಒಂದೇ. 1995ರಲ್ಲಿ ಫಿಟ್‌ನೆಸ್ ಒಲಿಂಪಿಯಾ ಬಂತು. ಅದರಲ್ಲಿ ಮೈಕಟ್ಟಿನ ಜೊತೆಗೆ ಸಂಗೀತಕ್ಕೆ ಪಲ್ಟಿ, ಸ್ಪ್ಲಿಟ್, ಪುಷ್‌ಅಪ್‌ನಂಥ ಕಸರತ್ತು ಕೂಡಿಸಿದ ರೊಟೀನ್ ಮಾಡಬೇಕು. ಫಿಗರ್, ಬಿಕಿನಿ, ಫಿಸೀಕ್, ವೆಲ್‌ನೆಸ್ ಎಂಬ ವಿಭಾಗಗಳು ಆಮೇಲೆ ಒಂದೊಂದಾಗಿ ಸೇರಿದವು. ಎಲ್ಲದಕ್ಕೂ ಮುಂಚೆ ಕೊಬ್ಬು ಇಳಿಸುವ ತಯಾರಿ ಇದ್ದೇ ಇದೆ.

58 ಕಿಲೊ ತೂಗುವ, ಮೈಯಲ್ಲಿ ಶೇ. 18 ಕೊಬ್ಬಿರುವ ಸ್ಪರ್ಧಿಯೊಬ್ಬಳನ್ನು ತೆಗೆದುಕೊಳ್ಳಿ. ಕೊಬ್ಬು ಕಳೆದರೆ ಉಳಿಯುವುದು ಸುಮಾರು 47.5 ಕಿಲೊ. ಅವಳು ದಿನಕ್ಕೆ 1,700 ಕಿಲೊಕ್ಯಾಲರಿ ತಿಂದು, ವ್ಯಾಯಾಮದಲ್ಲಿ 400 ಖರ್ಚು ಮಾಡಿದರೆ ಉಳಿದ ಕೆಲಸಕ್ಕೆಲ್ಲ ಸಿಗುವುದು 1,300. ಇದನ್ನು 47.5ರಿಂದ ಭಾಗಿಸಿದರೆ ಕಿಲೊಗೆ 27. ತಜ್ಞರು ಸಾಕಷ್ಟು ಎನ್ನುವುದು 45. 30ಕ್ಕಿಂತ ಕೆಳಗಿಳಿದು ವಾರಗಟ್ಟಲೆ ಕಳೆದರೆ ಮಿದುಳು ಉಳಿತಾಯ ಶುರುಮಾಡುತ್ತದೆ. ಹೊಟ್ಟೆ ತುಂಬಿದ ಸುಳಿವು ಕೊಡುವ ಲೆಪ್ಟಿನ್ ಹಾರ್ಮೋನ್ ಕುಸಿಯುತ್ತದೆ, ಥೈರಾಯ್ಡಿನ ಟಿ3 ಹಾರ್ಮೋನ್ ತಗ್ಗುತ್ತದೆ, ಮುಟ್ಟು ತಪ್ಪುತ್ತದೆ. ಈಸ್ಟ್ರೊಜೆನ್ ಇಳಿದಂತೆ ಮೂಳೆ ಸವೆಯುತ್ತದೆ. 30 ಎಂಬುದು ಲಕ್ಷ್ಮಣರೇಖೆಯಲ್ಲ, ಒಬ್ಬೊಬ್ಬರ ದೇಹ ಒಂದೊಂದು ಕಡೆ ಕೈಕೊಡುತ್ತದೆ. ಆದರೆ 'ಮುಟ್ಟು ನಿಂತಿತು ಅಂದ್ರೆ ಡಯಟ್ ಕೆಲಸ ಮಾಡ್ತಿದೆ' ಎನ್ನುವ ಕೋಚ್ ಸಿಕ್ಕರೆ ಕೋಚನ್ನು ಬದಲಾಯಿಸುವುದು ಮೇಲು.

ಹಾಗಾಗಿ ವಾರಕ್ಕೆ ಮೈತೂಕದ ಶೇ. 0.5ರಿಂದ 1ರಷ್ಟು ಮಾತ್ರ ಇಳಿಸುವುದು ಜಾಣತನ. ಸ್ನಾಯು ಕರಗದಿರಲು ಭಾರ ಎತ್ತುವುದನ್ನು ನಿಲ್ಲಿಸಬಾರದು, ಪ್ರೋಟೀನ್ ಮೈತೂಕದ ಕಿಲೊಗೆ 2 ಗ್ರಾಂ ಆಸುಪಾಸು ಇರಬೇಕು, ಅಂದರೆ ಇವಳಿಗೆ 116 ಗ್ರಾಂ. ನಾಲ್ಕು ಮೊಟ್ಟೆಗೆ 24, ಬೇಯಿಸಿದ ಕೋಳಿ ಎದೆಮಾಂಸ 150 ಗ್ರಾಂಗೆ 45, ಮುದ್ದೆಗೆ 7, ಎರಡು ಲೋಟ ಮಜ್ಜಿಗೆಯಲ್ಲ, ಗಟ್ಟಿ ಮೊಸರು 300 ಗ್ರಾಂಗೆ 10. ಹುರುಳಿ 50 ಗ್ರಾಂಗೆ 11. ಇಲ್ಲೇ ಲೆಕ್ಕ ತಪ್ಪುವುದು: ಕಟ್ಟಿನ ಸಾರು ಕುಡಿದರೆ ಆ 11 ಗ್ರಾಂ ಬರುವುದಿಲ್ಲ. ಪ್ರೋಟೀನ್ ಬಹುಪಾಲು ಬಸಿದ ಕಾಳಿನಲ್ಲೇ ಉಳಿದಿರುತ್ತದೆ, ಉಸಲಿ ಮಾಡಿ ತಿನ್ನಬೇಕು. ಬಾಕಿಯನ್ನು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಒಂದು ಸ್ಕೂಪ್ (ಡಬ್ಬಿಯಲ್ಲಿ ಬರುವ ದೊಡ್ಡ ಅಳತೆ ಚಮಚೆ) ತುಂಬುತ್ತದೆ.

ಚಿಕ್ಕಮಗಳೂರಿನವರಿಗೆ ಕಾಫಿಯ ಮಾತು ಬೇರೆಯೇ. ಕೆಫೀನ್ ವ್ಯಾಯಾಮಕ್ಕೆ ಹುರುಪು ಕೊಡುವುದು ನಿಜ. ಪ್ರಯೋಗಗಳಲ್ಲಿ ಕೊಡುವ ಪ್ರಮಾಣ ಮೈತೂಕದ ಕಿಲೊಗೆ 3ರಿಂದ 6 ಮಿಲಿಗ್ರಾಂ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್, ಚಿಕರಿಯಲ್ಲಿ ಸೊನ್ನೆ. ಪುಡಿ ಯಾವುದೆಂದು ಗೊತ್ತಿಲ್ಲದೆ 'ಎರಡು ಕಪ್' ಎಂದರೆ ಅರ್ಥವಿಲ್ಲ. ಊಟದ ಜೊತೆಗೇ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಊಟಕ್ಕೆ ಒಂದು ಗಂಟೆ ಮುಂಚೆಯೇ ಕುಡಿದು ಮುಗಿಸಿ.

ಕೊನೆಯ ವಾರದ ಕತೆ ಇನ್ನೂ ವಿಚಿತ್ರ. ನೀರು, ಉಪ್ಪು ಎರಡನ್ನೂ ಬಿಟ್ಟರೆ ಚರ್ಮ ತೆಳುವಾಗಿ ಸ್ನಾಯು ಎದ್ದು ಕಾಣುತ್ತದೆಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆದರೆ ಸ್ನಾಯುವಿನ ಮುಕ್ಕಾಲು ಪಾಲು ನೀರೇ. ಅನ್ನದಂಥ ಪಿಷ್ಟದಿಂದ ಸ್ನಾಯುವಿನಲ್ಲಿ ಸಂಗ್ರಹವಾಗುವ ಗ್ಲೈಕೊಜನ್ ಒಂದು ಗ್ರಾಂ ಕೂಡಿಡಲು ಸುಮಾರು 3 ಗ್ರಾಂ ನೀರು ಬೇಕು. ನೀರು ಕಟ್ ಮಾಡಿ ಅನ್ನ ತಿಂದರೆ ಸ್ನಾಯು ತುಂಬಿಕೊಳ್ಳದೆ ಚಪ್ಪಟೆಯಾಗಿ, ವೇದಿಕೆಯ ಮೇಲೆ ಪೋಸ್ ಹಿಡಿದಾಗ ಕಾಲಿಗೆ ಸ್ನಾಯು ಸೆಳೆತ ಬರಬಹುದು. ಇದಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರಿಸಿದರೆ ಪೊಟ್ಯಾಸಿಯಂ ಏರುಪೇರಾಗಿ ಹೃದಯದ ಬಡಿತವೇ ತಾಳ ತಪ್ಪಬಹುದು. ಆ ಮಾತ್ರೆಗಳು ಕ್ರೀಡೆಯ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿಯೂ ಇವೆ.

ಪದಕ ಸಿಕ್ಕ ಮರುದಿನದಿಂದ ಹಸಿವು ಮಿತಿಮೀರುತ್ತದೆ, ಪಾದ ಊದಿಕೊಳ್ಳುತ್ತದೆ, ತೂಕ ಕಿಲೊಗಟ್ಟಲೆ ಏರುತ್ತದೆ. ಇದರಲ್ಲಿ ಹೆಚ್ಚಿನದು ನೀರು ಮತ್ತು ಗ್ಲೈಕೊಜನ್. ಆ ಗಾಬರಿಗೇ ಮತ್ತೆ ಡಯಟ್ ಶುರುಮಾಡುವವರುಂಟು, ಅದು ದೊಡ್ಡ ತಪ್ಪು. 2017ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದು ಸುಮಾರು ನಾಲ್ಕು ತಿಂಗಳು ಡಯಟ್ ಮಾಡಿದ 27 ಸ್ಪರ್ಧಿಗಳನ್ನು ಗಮನಿಸಿತು. ಮೂರ್ನಾಲ್ಕು ತಿಂಗಳ ಚೇತರಿಕೆಯ ನಂತರ ಬಹುತೇಕ ಹಾರ್ಮೋನುಗಳು ಸರಿಹೋಗಿದ್ದವು, ಟಿ3 ಮತ್ತು ಟೆಸ್ಟೊಸ್ಟೆರಾನ್ ಮಾತ್ರ ಪೂರ್ತಿ ಮರಳಿರಲಿಲ್ಲ. ವರ್ಷಕ್ಕೆ ಮೂರ್ನಾಲ್ಕು ವೇದಿಕೆ ಹತ್ತುವವಳಿಗೆ ಅಷ್ಟು ಬಿಡುವೂ ಸಿಗುವುದಿಲ್ಲ. ಮೂರು ತಿಂಗಳು ಮುಟ್ಟಾಗದಿದ್ದರೆ ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು, ಆರು ತಿಂಗಳು ದಾಟಿದರೆ ಮೂಳೆಸಾಂದ್ರತೆಯ ಡೆಕ್ಸಾ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು.