ಗುಳೆ ಬಂದವರ ಆರೋಗ್ಯ ಅಧ್ಯಯನ: ಎಲ್ಲದಕ್ಕೂ ‘ಅರಿವಿನ ಕೊರತೆ’ಯೇ ಕಾರಣವೇ?

ಪ್ರಶ್ನೆ: ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದು ಕಟ್ಟಡ ಕೆಲಸ ಮಾಡುವ ಕುಟುಂಬಗಳ ಬಗ್ಗೆ ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಪ್ರಬಂಧ ಬರೆಯುತ್ತಿದ್ದೇನೆ. ಮಕ್ಕಳಿಗೆ ಲಸಿಕೆ ಏಕೆ ತಪ್ಪಿತು ಎಂದು ಕೇಳಿದರೆ ಎಲ್ಲರ ಉತ್ತರವೂ ‘ಅರಿವಿನ ಕೊರತೆ’ಗೆ ಬಂದು ನಿಲ್ಲುತ್ತದೆ. ಇದರ ಹಿಂದಿನ ಸಾಮಾಜಿಕ ಕಾರಣಗಳನ್ನು ಹಿಡಿಯುವುದು ಹೇಗೆ?

ಉತ್ತರ: ಅದು ನಿಮ್ಮ ಪ್ರಶ್ನಾವಳಿಯೇ ಹುಟ್ಟಿಸಿದ ಉತ್ತರ. ‘ಏಕೆ ಹಾಕಿಸಲಿಲ್ಲ?’ ಎಂದ ಕೂಡಲೇ ತಪ್ಪು ತಾಯಿಯ ತಲೆಗೆ ಬರುತ್ತದೆ. ಆಕೆ ‘ಗೊತ್ತಾಗಲಿಲ್ರೀ’ ಎಂದು ಮಾತು ಮುಗಿಸುತ್ತಾಳೆ, ನೀವು ಅದನ್ನು ಒಂದು ಖಾನೆಗೆ ತುಂಬುತ್ತೀರಿ.

‘ಏಕೆ’ ಬಿಡಿ, ಯಾವಾಗ, ಎಲ್ಲಿ, ಯಾರ ಜೊತೆ ಎಂದು ಕೇಳಿ. ಮಗು ಹುಟ್ಟಿದಾಗಿನಿಂದ ಯಾವ ತಿಂಗಳು ಎಲ್ಲಿತ್ತು ಎಂದು ಸಾಲಾಗಿ ಬರೆದುಕೊಳ್ಳಿ. ಇಸವಿ, ತಿಂಗಳು ನೆನಪಿಲ್ಲದಿದ್ದರೆ ಯುಗಾದಿ, ಕಾರಹುಣ್ಣಿಮೆ, ಮೊಹರಂ, ಊರ ಜಾತ್ರೆಯನ್ನು ಗುರುತಿಟ್ಟುಕೊಳ್ಳಬಹುದು. ಪಕ್ಕದಲ್ಲೇ ತಾಯಿ ಕಾರ್ಡಿನಲ್ಲಿರುವ ಲಸಿಕೆಯ ದಿನಾಂಕಗಳನ್ನು ಇಳಿಸಿ. 6, 10, 14ನೇ ವಾರದ ಪೆಂಟಾ (ಐದು ರೋಗ ತಡೆಯುವ ಲಸಿಕೆ) ಊರಲ್ಲಿ ಸರಿಯಾಗಿ ಆಗಿದೆ, 9 ತಿಂಗಳು ತುಂಬಿದ ಮೇಲೆ ಹಾಕುವ ದಡಾರ-ರುಬೆಲ್ಲಾ ಆಗಿಲ್ಲ ಎನ್ನಿ. ಮೂರು ಸಲ ಹಾಕಿಸಿದವಳಿಗೆ ಅರಿವಿಲ್ಲ ಎನ್ನಲಾದೀತೇ? ನಡುವೆ ಸಂಸಾರ ಕಟ್ಟಡದ ಸೈಟಿಗೆ ಬಂದಿರುತ್ತದೆ. ಕಾರಣ ಹುಡುಕಬೇಕಾದ್ದು ಆ ತಿಂಗಳುಗಳಲ್ಲಿ.

ಆ ಹುಡುಕಾಟವನ್ನು ಕಾರ್ಮಿಕರು ಉಳಿದುಕೊಳ್ಳುವ ಶೆಡ್‌ನಲ್ಲೇ ಮುಗಿಸಬೇಡಿ. ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆಯ ಕ್ರಿಯಾಯೋಜನೆ (ಎಲ್ಲೆಲ್ಲಿ, ಯಾವಾಗ ಲಸಿಕೆ ಹಾಕಬೇಕೆಂಬ ಪಟ್ಟಿ) ನೋಡಲು ಅನುಮತಿ ಕೇಳಿ. 50,000 ಜನರಿಗೆ ಒಂದರಂತೆ ಇರಬೇಕಾದ ಕೇಂದ್ರ ಅದು. ನೀವು ನೋಡಿದ ಶೆಡ್‌ಗಳು ಆ ಪಟ್ಟಿಯಲ್ಲಿವೆಯೇ, ಯಾವ ಆಶಾ ಕಾರ್ಯಕರ್ತೆಯ ವ್ಯಾಪ್ತಿಗೆ ಬರುತ್ತವೆ, ಅಲ್ಲಿ ಕೊನೆಯ ಲಸಿಕಾ ಶಿಬಿರ ನಡೆದದ್ದು ಯಾವ ದಿನ, ಎಷ್ಟು ಹೊತ್ತಿಗೆ? ಆ ಹೊತ್ತಿನಲ್ಲಿ ತಾಯಿ ಮೂರನೇ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿದ್ದರೆ, ಅರ್ಧ ದಿನದ ಕೂಲಿ ಎಷ್ಟು ಕಡಿತವಾಗುತ್ತಿತ್ತು ಎಂಬುದನ್ನೂ ರೂಪಾಯಿಯಲ್ಲೇ ಬರೆಯಿರಿ.

ಇನ್ನೊಂದು ಪದರ ಕಾನೂನಿನದು. 1979ರ ಅಂತರರಾಜ್ಯ ವಲಸೆ ಕಾಯ್ದೆ ಬಂದದ್ದೇ ರಾಜ್ಯದ ಗಡಿ ದಾಟಿದವರಿಗಾಗಿ. ನಾನೂರು ಕಿಲೋಮೀಟರು ಬಂದರೂ ರಾಯಚೂರಿನವರು ಅದರ ಲೆಕ್ಕಕ್ಕೆ ಸಿಗಲಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ವಸತಿ, ಕುಡಿಯುವ ನೀರು, ಶೌಚಾಲಯದ ಜೊತೆಗೆ, 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆಯನ್ನೂ ಕಡ್ಡಾಯ ಮಾಡಿದ್ದರು. ಆ 50ನ್ನು ಇಡೀ ಸೈಟಿಗೆ ಎಣಿಸುತ್ತಾರೋ, ಒಬ್ಬೊಬ್ಬ ಗುತ್ತಿಗೆದಾರನಿಗೆ ಬೇರೆಬೇರೆಯಾಗಿ ಎಣಿಸುತ್ತಾರೋ ಎಂಬುದನ್ನು ನೋಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಮೂರು ತಿಂಗಳಿಗೊಬ್ಬ ಮೇಸ್ತ್ರಿ ಬದಲಾದರೆ ಸಹಿ ಹಾಕುವವರು ಯಾರು? ಗಂಡ ಹೆಂಡತಿಯ ಕೂಲಿ ಒಟ್ಟಾಗಿ ಗಂಡನ ಕೈಗೇ ಬರುವ ಕಡೆ ಹೆಂಡತಿಯ ದುಡಿಮೆ ಯಾವ ಪುಸ್ತಕದಲ್ಲಿದೆ? (ಹೊಸ ಕಾರ್ಮಿಕ ಸಂಹಿತೆಗಳು ಬಂದಿರುವುದರಿಂದ ಈಗ ಅನ್ವಯಿಸುವ ನಿಯಮ ಯಾವುದು ಎಂದು ಕಾರ್ಮಿಕ ಇಲಾಖೆಯಲ್ಲಿ ಖಚಿತ ಮಾಡಿಕೊಳ್ಳಿ.)

ಪ್ರಬಂಧಗಳು ಹೆಚ್ಚಾಗಿ ಎಡವುವುದು ಹೋಲಿಕೆಯಲ್ಲಿ. ಶೆಡ್‌ನವರನ್ನು ಬೆಂಗಳೂರಿನ ಕಾಯಂ ನಿವಾಸಿಗಳ ಜೊತೆ ಇಟ್ಟು ನೋಡಿದರೆ ಬಡತನ, ಜಾತಿ, ಓದು, ಗುಳೆ ಎಲ್ಲವೂ ಕಲಸಿಹೋಗಿ, ಯಾವುದರಿಂದ ಏನಾಯಿತು ಎಂಬುದು ತಿಳಿಯದು. ಅದೇ ಊರಿನ, ಅದೇ ಕೇರಿ ಅಥವಾ ತಾಂಡಾದ, ಗುಳೆ ಹೋಗದೆ ಉಳಿದ ಮನೆಗಳ ಜೊತೆ ಹೋಲಿಸಿ. ಅಲ್ಲಿಯ ಮಕ್ಕಳಿಗೂ ದಡಾರದ ಲಸಿಕೆ ತಪ್ಪಿದ್ದರೆ ಸಮಸ್ಯೆ ಊರಲ್ಲೇ ಶುರುವಾಗಿದೆ. ಅವರಿಗೆ ಆಗಿ ಇವರಿಗೆ ತಪ್ಪಿದ್ದರೆ ಗುಳೆಯ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಸಾಧ್ಯವಾದರೆ ಐದಾರು ವರ್ಷದಿಂದ ನಗರದಲ್ಲೇ ಬಾಡಿಗೆ ಮನೆ ಹಿಡಿದು ನೆಲೆನಿಂತ ಅದೇ ಸೀಮೆಯವರನ್ನೂ ಸೇರಿಸಿ. ನಗರಕ್ಕೆ ಬಂದದ್ದರ ಪರಿಣಾಮ ಯಾವುದು, ಶೆಡ್‌ನಲ್ಲಿ ಬದುಕುವುದರ ಪರಿಣಾಮ ಯಾವುದು ಎಂದು ಆಗ ಬಿಡಿಸಿ ನೋಡಬಹುದು.

ಸೈಟಿನಲ್ಲಿ ಮಾತ್ರ ಎಣಿಸಿದರೆ ಕಾರ್ಮಿಕರು ಗಟ್ಟಿಮುಟ್ಟಾಗಿ ಕಾಣುತ್ತಾರೆ. ಗುಳೆ ಹೊರಡುವವರೇ ಗಟ್ಟಿಗರು, ಬಿದ್ದು ಸೊಂಟ ಮುರಿದವನು ನೀವು ಬರುವ ಮೊದಲೇ ಊರ ಬಸ್ಸು ಹತ್ತಿರುತ್ತಾನೆ. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳದ್ದು, ಅಷ್ಟು ದಿನ ಒಂದೇ ಸೈಟು ಇರುವುದಿಲ್ಲ. ಆದ್ದರಿಂದ ಪ್ರತಿ ಶೆಡ್‌ನಲ್ಲೂ ‘ಕಳೆದ 12 ತಿಂಗಳಲ್ಲಿ ನಿಮ್ಮ ಜೊತೆ ಬಂದು ವಾಪಸ್ ಹೋದವರು ಯಾರು, ಏನಾಗಿ ಹೋದರು?’ ಎಂದು ಕೇಳಿ. ಊರಿನ ಕಡೆಯ ಅಧ್ಯಯನವನ್ನು ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬರುವ ಮೊಹರಂ ಅಥವಾ ಯುಗಾದಿಗೆ ಇಟ್ಟುಕೊಳ್ಳಿ. ಮೊಹರಂ ವರ್ಷವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಕ್ಯಾಲೆಂಡರ್ ನೋಡಿ ರಜೆ ಹಾಕಿ.

ಎಷ್ಟು ಜನ ಬೇಕು? ಲಸಿಕೆ ತಪ್ಪಿದವರ ಪ್ರಮಾಣ ಅರ್ಧಕ್ಕರ್ಧ ಇರಬಹುದೆಂದು ಹಿಡಿದು, ಶೇ 95 ವಿಶ್ವಾಸದಲ್ಲಿ ಶೇಕಡಾ ಹತ್ತು ಅಂಶ ಆಚೀಚೆ ಆಗುವುದನ್ನು ಒಪ್ಪಿದರೆ 96. ಒಂದೇ ಸೈಟಿನವರು ಒಬ್ಬರಂತೆ ಒಬ್ಬರು ಇರುವುದರಿಂದ ಅದನ್ನು ಇಮ್ಮಡಿ ಮಾಡಿ: 192. ನೂರಕ್ಕೆ ಹತ್ತು ಮಂದಿ ಸಿಗದೆ ಹೋಗುತ್ತಾರೆಂದರೆ 214 ಮನೆ. ಇದು ಒಂದು ಗುಂಪಿಗೆ. ಹೋಲಿಕೆಗೆ ಪ್ರತಿ ಗುಂಪಿಗೂ ಕನಿಷ್ಠ ಇಷ್ಟು ಬೇಕು, ಸಣ್ಣ ವ್ಯತ್ಯಾಸ ಹಿಡಿಯಲು ಇದಕ್ಕಿಂತ ಹೆಚ್ಚು. ಶೆಡ್‌ಗಳಿಗೆ ನೀವೇ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು ಚೀಟಿ ಎತ್ತಿ. ಮೇಸ್ತ್ರಿ ತೋರಿಸಿದವರನ್ನೇ ಮಾತಾಡಿಸಿದರೆ ಅವನಿಗೆ ಬೇಕಾದವರು ಮಾತ್ರ ಸಿಗುತ್ತಾರೆ. ಪಟ್ಟಿ ಮಾಡಿದ ವಾರವೇ ಸಂದರ್ಶನವೂ ಮುಗಿಯಲಿ, ಸ್ಲ್ಯಾಬ್ ಹಾಕಿದ ಮೇಲೆ ಅರ್ಧ ಜನ ಬೇರೆ ಸೈಟಿಗೆ ಹೋಗಿರಬಹುದು. ಕೂಲಿ ಬಟವಾಡೆಯ ಸಂಜೆ ಸಂದರ್ಶನ ಬೇಡ.

ಗುತ್ತಿಗೆದಾರನ ಅನುಮತಿ ಗೇಟು ದಾಟಲು ಮಾತ್ರ. ಒಪ್ಪಿಗೆಯನ್ನು ಪ್ರತಿಯೊಬ್ಬರಿಂದಲೂ ಪಡೆಯಬೇಕು. ಹೆಬ್ಬೆಟ್ಟು ಒತ್ತುವಾಗ ಸಾಕ್ಷಿ ಮೂರನೆಯವರಾಗಿರಬೇಕು, ಮೇಸ್ತ್ರಿಯಂತೂ ಆಗಕೂಡದು. ಮುಂಗಡದ ಸಾಲ ಎಷ್ಟು ಎಂಬ ಪ್ರಶ್ನೆಯನ್ನು ಅವನು ಹತ್ತಿರ ಇಲ್ಲದಾಗ ಕೇಳಿ. ತಪ್ಪಿದ ದಡಾರ-ರುಬೆಲ್ಲಾ ಲಸಿಕೆಯನ್ನು 5 ವರ್ಷದವರೆಗೂ ಹಾಕುತ್ತಾರೆ. ಆದ್ದರಿಂದ ಅಂಥ ಮಕ್ಕಳ ಹೆಸರನ್ನು ತಾಯಿಯ ಒಪ್ಪಿಗೆ ಪಡೆದು ಅದೇ ವಾರ ಲಸಿಕೆ ಹಾಕುವ ಆರೋಗ್ಯ ಸಹಾಯಕಿಗೆ (ಎಎನ್‌ಎಂ) ಕೊಡಿ, ಪ್ರಬಂಧ ಮುಗಿಯಲಿ ಎಂದು ಕಾಯಬೇಡಿ.