ನೂಡಲ್ಸ್ ಕೆಡಿಸುವುದು ನೀರು, ಅಜಿನೋಮೋಟೋ ಅಲ್ಲ

ಮೊದಲ ಸಲ ಮನೆಯಲ್ಲಿ ಚಿಕನ್ ನೂಡಲ್ಸ್ ಮಾಡಿದಾಗ ಆರು ಜನಕ್ಕೆ ಆಗುವಷ್ಟನ್ನೂ ಒಂದೇ ಬಾಣಲೆಗೆ ಸುರಿದಿದ್ದೆ. ಕೋಸು, ಕ್ಯಾರೆಟ್, ದೊಣ್ಣೆ ಮೆಣಸಿನಕಾಯಿ, ಅರ್ಧ ಕೆಜಿ ಕೋಳಿ. ಉರಿ ಪೂರ್ತಿ ಜೋರು. ಆದರೂ ಐದು ನಿಮಿಷದಲ್ಲಿ ತಳದಲ್ಲಿ ಬೂದು ಬಣ್ಣದ ರಸ ನಿಂತಿತು, ಕೋಳಿ ಹುರಿಯುವ ಬದಲು ಬೇಯತೊಡಗಿತು, ನೂಡಲ್ಸ್ ಆ ರಸವನ್ನೆಲ್ಲ ಕುಡಿದು ಉಬ್ಬಿಕೊಂಡಿತು. ನಮ್ಮ ಅತ್ತಿಗೆ ಒಂದು ತುತ್ತು ತಿಂದು, "ಶಾವಿಗೆ ಉಪ್ಪಿಟ್ಟು ಚೆನ್ನಾಗಿದೆ" ಅಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಆಮೇಲೆ ಸಲಹೆಗಳು ಶುರುವಾದವು. ಸಾಸ್ ಬದಲಿಸು ಅಂದರು ಒಬ್ಬರು. ಹೋಟೆಲ್‌ನವರು ಅಜಿನೋಮೋಟೋ ಹಾಕ್ತಾರೆ, ಅದಕ್ಕೇ ಆ ರುಚಿ, ಅದು ವಿಷ ಬೇರೆ ಅಂದರು ಇನ್ನೊಬ್ಬರು. ನೀರಿನ ಬಗ್ಗೆ ಮಾತ್ರ ಯಾರೂ ಒಂದು ಮಾತು ಆಡಲಿಲ್ಲ.

ಇಡ್ಲಿ ಮತ್ತು ದೋಸೆಯನ್ನು ನೆನೆಸಿಕೊಳ್ಳಿ. ಹೆಚ್ಚುಕಡಿಮೆ ಒಂದೇ ಹಿಟ್ಟು. ಇಡ್ಲಿ ಎಷ್ಟು ಹೊತ್ತು ಬೆಂದರೂ ಬೆಳ್ಳಗೇ ಇರುತ್ತದೆ, ದೋಸೆ ಎರಡು ನಿಮಿಷಕ್ಕೆ ಹೊಂಬಣ್ಣವಾಗಿ ಘಮ್ ಅನ್ನುತ್ತದೆ. ಯಾಕೆಂದರೆ ಇಡ್ಲಿ ಹಬೆಯಲ್ಲಿದೆ, ಹಬೆಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕಂದು ಬಣ್ಣ, ಹುರಿದ ಘಮ ಹುಟ್ಟಿಸುವ ಕ್ರಿಯೆ ಜೋರಾಗಿ ನಡೆಯಲು ಸುಮಾರು 140 ಡಿಗ್ರಿ ಬೇಕು. 1912ರಲ್ಲಿ ಅದನ್ನು ಮೊದಲು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಯ್ಯಾರ್‌ನ ಹೆಸರೇ ಅದಕ್ಕಿದೆ. ಪ್ರೋಟೀನಿನ ತುಣುಕುಗಳೂ ಸಕ್ಕರೆಯೂ ಬಿಸಿಯಲ್ಲಿ ಸೇರಿ ನೂರಾರು ಹೊಸ ಪರಿಮಳಗಳಾಗುತ್ತವೆ. ನಾನು ಮಾಡಿದ್ದು ನೂಡಲ್ಸ್‌ನ ಇಡ್ಲಿ. ಬೇಕಾಗಿದ್ದದ್ದು ನೂಡಲ್ಸ್‌ನ ದೋಸೆ.

ಅಷ್ಟು ಜೋರು ಉರಿಯಿದ್ದೂ ಬಾಣಲೆ ಯಾಕೆ 100 ದಾಟಲಿಲ್ಲ? ಇದಕ್ಕೆ ಉತ್ತರ 1760ರ ದಶಕದ ಗ್ಲಾಸ್ಗೋದಲ್ಲಿ ಸಿಕ್ಕಿತು. ಜೋಸೆಫ್ ಬ್ಲ್ಯಾಕ್ ಅನ್ನುವ ಪ್ರೊಫೆಸರ್ ಒಲೆಯ ಮೇಲೆ ನೀರಿಟ್ಟು, ಕುದಿ ಬರಲು ಎಷ್ಟು ಹೊತ್ತು, ಪೂರ್ತಿ ಆರಿಹೋಗಲು ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದರು. ಎರಡನೆಯದು ಎಷ್ಟೋ ಪಟ್ಟು ಜಾಸ್ತಿ. ಆ ಹೊತ್ತಿನಲ್ಲಿ ಒಲೆಯ ಶಾಖ ಹೋಗುತ್ತಲೇ ಇದೆ, ನೀರಿನ ಬಿಸಿ ಮಾತ್ರ ಒಂದು ಡಿಗ್ರಿಯೂ ಏರುವುದಿಲ್ಲ. ಶಾಲೆಯಲ್ಲಿ ಗುಪ್ತೋಷ್ಣ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಅದೇ ಊರಿನಲ್ಲಿ ಉಗಿಯಂತ್ರ ರಿಪೇರಿ ಮಾಡುತ್ತಿದ್ದ ಜೇಮ್ಸ್ ವ್ಯಾಟ್ ಬ್ಲ್ಯಾಕ್‌ರ ಗೆಳೆಯ, ಅಲ್ಲಿಂದ ಮುಂದಿನದು ರೈಲು, ಕಾರ್ಖಾನೆ, ದೊಡ್ಡ ಕಥೆ. ನಾವು ಬಾಣಲೆಗೇ ಬರೋಣ.

ನೀರು ಒಂದು ಟೋಲ್ ಗೇಟ್ ಇದ್ದ ಹಾಗೆ. ಒಲೆಯಿಂದ ಬಂದ ಶಾಖವೆಲ್ಲ ಅಲ್ಲೇ ಶುಲ್ಕ ಕಟ್ಟಿ ಖಾಲಿಯಾಗುತ್ತದೆ, ಮುಂದೆ ಹೋಗುವುದಿಲ್ಲ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಿರುವುದೂ ಇದೇ ಲೆಕ್ಕ: ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ. ಬೆವರು ಮೈ ತಂಪು ಮಾಡುವುದೂ ಹೀಗೆಯೇ. ಅಂದರೆ ನಿಮ್ಮ ಬಾಣಲೆ ಒಲೆಯ ಮೇಲೆ ಕೂತು ಬೆವರುತ್ತಿದೆ.

ಲೆಕ್ಕ ಹಾಕಿಯೇ ನೋಡೋಣ, ನನಗೆ ಇದರಲ್ಲಿ ಖುಷಿ. ಕೋಸಿನಲ್ಲಿ ನೂರಕ್ಕೆ 92 ಪಾಲು ನೀರು, ಕೋಳಿ ಮಾಂಸದಲ್ಲೂ ಮುಕ್ಕಾಲು ಪಾಲು. ಅದರಲ್ಲಿ 100 ಗ್ರಾಂ ನೀರು ಹೊರಬಂತು ಅಂತಿಟ್ಟುಕೊಳ್ಳಿ. ಅದನ್ನು 25 ಡಿಗ್ರಿಯಿಂದ 100ಕ್ಕೆ ತರಲು ಸುಮಾರು 31 ಕಿಲೋಜೂಲ್ ಶಾಖ ಸಾಕು. ಆವಿ ಮಾಡಲು 226 ಬೇಕು! ಏಳು ಪಟ್ಟು. ಮನೆಯ ಗ್ಯಾಸ್ ಒಲೆಯ ಬರ್ನರ್ ಸುಮಾರು 2 ಕಿಲೋವ್ಯಾಟ್, ಅಂದರೆ ಸೆಕೆಂಡಿಗೆ 2 ಕಿಲೋಜೂಲ್ ಅಂದುಕೊಂಡರೂ, ಬಾಣಲೆಗೆ ತಲುಪುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹಾಗಾಗಿ ಅಷ್ಟು ನೀರು ಓಡಿಸಲು ಸುಮಾರು ಮೂರೂವರೆ ನಿಮಿಷ. ಅಷ್ಟು ಹೊತ್ತೂ ನೂಡಲ್ಸ್ ನೀರಲ್ಲಿ ನೆನೆಯುತ್ತಿರುತ್ತದೆ. ತರಕಾರಿಯೂ ಸುಮ್ನೆ ಕೂರುವುದಿಲ್ಲ, ಮೆತ್ತಗಾದಷ್ಟೂ ಇನ್ನಷ್ಟು ನೀರು ಬಿಡುತ್ತದೆ.

ಚೀನೀ ಅಡುಗೆಮನೆಯಲ್ಲಿ ಇದಕ್ಕೆ ಪರಿಹಾರ ಉರಿ. ಹೋಟೆಲ್‌ಗಳಲ್ಲಿ ವಾಕ್, ಅಂದರೆ ಚೀನೀ ಬಾಣಲೆ, ಇಡುವ ಒಲೆ ಮನೆಯ ಬರ್ನರ್‌ಗಿಂತ ಎಂಟು ಹತ್ತು ಪಟ್ಟು ಜೋರು. ನೀರು ಹೊರಬರುವುದೇ ತಡ, ಹಬೆಯಾಗಿ ಹಾರಿಹೋಗುತ್ತದೆ. ಚೌಮೀನ್ ಅನ್ನುವ ಹೆಸರಿನ ಅರ್ಥವೇ ಹುರಿದ ನೂಡಲ್ಸ್. ಹೀಗೆ ಹುರಿದಾಗ ಬರುವ ಹೊಗೆಗಂಪಿಗೆ ದಕ್ಷಿಣ ಚೀನಾದ ಕ್ಯಾಂಟನೀಸ್ ಜನ 'ವಾಕ್ ಹೇ' ಅನ್ನುತ್ತಾರೆ, ಅಂದರೆ ಬಾಣಲೆಯ ಉಸಿರು. ಎಂಥ ಹೆಸರು ನೋಡಿ! 2020ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಇಬ್ಬರು ಸಂಶೋಧಕರು ಚೀನೀ ಹೋಟೆಲ್‌ಗಳ ಬಾಣಸಿಗರು ಅನ್ನ ಹುರಿಯುವ ವಿಡಿಯೋಗಳನ್ನು ಅಳೆದು ನೋಡಿದರು. ಸೆಕೆಂಡಿಗೆ ಹತ್ತಿರಹತ್ತಿರ ಮೂರು ಸಲ ಬಾಣಲೆ ಕುಲುಕುತ್ತಾರಂತೆ. ಗಾಳಿಗೆ ಹಾರಿದ ಅಗುಳು ಕ್ಷಣ ತಣಿದು ಮತ್ತೆ ಬೀಳುತ್ತದೆ, ಹಾಗಾಗಿ ಅಷ್ಟು ಉರಿಯಲ್ಲೂ ಸೀಯುವುದಿಲ್ಲ. ಮನೆಯ ಒಲೆಯ ಮುಂದೆ ಈ ಸರ್ಕಸ್ ಬೇಡ. ನಮ್ಮಲ್ಲಿ ಇಲ್ಲದ್ದು ಉರಿ, ಎತ್ತಿ ಎತ್ತಿ ಹಾರಿಸಿದರೆ ಇದ್ದ ಬಿಸಿಯೂ ಹೋಗುತ್ತದೆ.

ಉರಿ ಇಲ್ಲದವರಿಗೆ ಉಳಿತಾಯವೇ ದಾರಿ. 2 ಕೆಜಿ ತೂಕದ ಕಬ್ಬಿಣದ ಬಾಣಲೆಯನ್ನು ಖಾಲಿಯಾಗಿಯೇ 250 ಡಿಗ್ರಿಗೆ ಕಾಯಿಸಿದರೆ, ಅದು 100ಕ್ಕೆ ಇಳಿಯುವಷ್ಟರಲ್ಲಿ ಸುಮಾರು 135 ಕಿಲೋಜೂಲ್ ಬಿಟ್ಟುಕೊಡುತ್ತದೆ. ಇದು ನಿಮ್ಮ ಗಂಟು. ಅದರಲ್ಲಿ ಸುಮಾರು 50 ಗ್ರಾಂ ನೀರನ್ನು ಹೊಡೆದೋಡಿಸಬಹುದು, ಒಬ್ಬಿಬ್ಬರ ಪಾಲಿಗೆ ಸಾಕು, ಆರು ಜನಕ್ಕೆ ಸಾಲದು. ಕಾದಿದೆಯಾ ಅಂತ ತಿಳಿಯಲು ಥರ್ಮಾಮೀಟರ್ ಬೇಡ, ದೋಸೆ ಹೆಂಚಿಗೆ ನೀರು ಚಿಮುಕಿಸುವ ಹಾಗೆ ಚಿಮುಕಿಸಿ. ಚುಯ್ ಅಂತ ಆರಿಹೋದರೆ ಇನ್ನೂ ಸಾಲದು. ಹನಿ ಮುತ್ತಿನ ಹಾಗೆ ಉಂಡೆಯಾಗಿ ಓಡಾಡಿದರೆ 200ರ ಹತ್ತಿರ ಬಂದಿದೆ. ಅಡಿಯಲ್ಲಿ ಹುಟ್ಟಿದ ಹಬೆಯೇ ಹನಿಯನ್ನು ಎತ್ತಿ ಹಿಡಿಯುತ್ತದೆ. ಲೈಡನ್‌ಫ್ರಾಸ್ಟ್ ಅನ್ನುವ ಜರ್ಮನ್ ವೈದ್ಯ ಇದನ್ನು 1756ರಲ್ಲಿ ಬರೆದಿಟ್ಟ. ನಾನ್‌ಸ್ಟಿಕ್ ಬಾಣಲೆಯಲ್ಲಿ ಮಾತ್ರ ಈ ಆಟ ಆಡಬೇಡಿ, 260 ಡಿಗ್ರಿ ದಾಟಿದರೆ ಅದರ ಲೇಪ ಕೆಡತೊಡಗುತ್ತದೆ.

ಇನ್ನು ಆ 'ವಿಷ'ದ ಮಾತು. 1908ರಲ್ಲಿ ಟೋಕಿಯೋದ ಕಿಕುನೇ ಇಕೆಡಾ ಕೊಂಬು ಅನ್ನುವ ಕಡಲ ಪಾಚಿಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿದರು. ಅಜಿನೋಮೋಟೋ ಅಂದರೆ ಅದರದೇ ಸೋಡಿಯಂ ಲವಣ. ಅದೇ ಗ್ಲುಟಮೇಟ್ ನಿಮ್ಮ ಟೊಮೇಟೊ ಸಾರಿನಲ್ಲಿದೆ, ತಾಯಿಯ ಹಾಲಿನಲ್ಲೂ ಇದೆ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ವೈದ್ಯರೊಬ್ಬರು, ಚೀನೀ ಹೋಟೆಲ್‌ನಲ್ಲಿ ಉಂಡರೆ ಕತ್ತು ಮರಗಟ್ಟಿದಂತಾಗುತ್ತದೆ, ವೈನ್ ಕಾರಣವೋ ಉಪ್ಪೋ ಅಜಿನೋಮೋಟೋವೋ ಅಂತ ಕೇಳಿ ಪತ್ರ ಬರೆದರು. ಅದು ಬರೀ ಪ್ರಶ್ನೆ. ಜನ ಅದನ್ನೇ ಉತ್ತರ ಮಾಡಿಕೊಂಡರು. ತಿನ್ನುವವರಿಗೂ ಕೊಡುವವರಿಗೂ ಅಜಿನೋಮೋಟೋ ಯಾವುದರಲ್ಲಿದೆ ಎಂದು ಗೊತ್ತಾಗದ ಹಾಗೆ ಮಾಡಿದ ಪರೀಕ್ಷೆಗಳಲ್ಲಿ, ಊಟದ ಪ್ರಮಾಣದಲ್ಲಿ ಆ ದೂರು ಗಟ್ಟಿಯಾಗಿ ನಿಲ್ಲಲೇ ಇಲ್ಲ. ಇತ್ತ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿದ್ದು ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣವನ್ನು. ಬಿಳಿ ಪುಡಿ ಕಂಡು ಬೆಚ್ಚುವವರೇ ಆ ಕೆಂಪು ನೋಡಿ ಬಾಯಲ್ಲಿ ನೀರು ಸುರಿಸುತ್ತಿದ್ದರು ಅಲ್ವಾ?

ಈಗ ನಾನು ಮಾಡುವುದು ಹೀಗೆ. ನೂಡಲ್ಸ್ ಮುಕ್ಕಾಲು ಬೇಯಿಸಿ, ತಣ್ಣೀರಲ್ಲಿ ತೊಳೆದು ಮೇಲಿನ ಗಂಜಿ ತೆಗೆದು, ಎಣ್ಣೆ ಸವರಿ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡುತ್ತೇನೆ. ಕೋಳಿಗೆ ಕಾರ್ನ್‌ಫ್ಲೋರ್ ಮತ್ತು ಸ್ವಲ್ಪ ಸೋಯಾ ಸಾಸ್ ಹಚ್ಚಿಡುತ್ತೇನೆ, ಆ ಹಿಟ್ಟು ಹೊರಬರುವ ರಸವನ್ನು ಹೀರಿ ತೆಳು ಪದರವಾಗುತ್ತದೆ. ಕೋಳಿ ಹುರಿದು ತಟ್ಟೆಗೆ ತೆಗೆದಿಡುವುದು, ಬಾಣಲೆ ಮತ್ತೆ ಕಾಯಿಸುವುದು, ಆಮೇಲೆ ತರಕಾರಿ, ಮತ್ತೆ ಕಾಯಿಸಿ ನೂಡಲ್ಸ್, ಕೊನೆಗೆ ಎಲ್ಲ ಸೇರಿಸಿ ಸಾಸ್ ಅನ್ನು ಬಿಸಿ ಅಂಚಿನಿಂದ ಇಳಿಬಿಡುವುದು. ಉಪ್ಪೂ ಆಗಲೇ, ಮೊದಲೇ ಹಾಕಿದರೆ ತರಕಾರಿ ನೀರು ಬಿಡುತ್ತದೆ. ಒಂದು ಸಲಕ್ಕೆ ಇಬ್ಬರ ಪಾಲು ಮಾತ್ರ.

ಉಳಿದದ್ದನ್ನು ಕಿವಿ ನೋಡಿಕೊಳ್ಳುತ್ತದೆ. ಚರಚರ ಸದ್ದು ಇರುವವರೆಗೆ ಗಂಟು ಇದೆ. ಅದು ಕೊತಕೊತ ಆದ ಕೂಡಲೇ ಖಾಲಿಯಾಯಿತು ಅಂತ ಅರ್ಥ, ಅರ್ಧ ತೆಗೆದು ತಟ್ಟೆಗೆ ಹಾಕಿ. ಹೋದ ಭಾನುವಾರ ಅತ್ತಿಗೆ ಮತ್ತೆ ಬಂದಿದ್ದರು. ಮೂರು ಕಂತಿನಲ್ಲಿ ಮಾಡಿದ್ದರಿಂದ ಕೊನೆಯ ತಟ್ಟೆ ಅವರ ಪಾಲಿಗೆ ಬರುವಷ್ಟರಲ್ಲಿ ನಮ್ಮೆಲ್ಲರ ಊಟ ಮುಗಿದಿತ್ತು. ಈ ಸಲ ಉಪ್ಪಿಟ್ಟಿನ ಮಾತು ಬರಲಿಲ್ಲ, ತಡವಾಯಿತು ಅಂತ ಮಾತ್ರ ಬೈದರು.