ಅಲೆಯನ್ನು ನುಂಗುವ ಕೊಳ

ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ಬೆಳೆದ ನಮ್ಮಂಥವರಲ್ಲಿ ಹೆಚ್ಚಿನವರು ಈಜು ಕಲಿತದ್ದು ದೇವಸ್ಥಾನದ ಕೆರೆಯಲ್ಲೋ ಅಡಿಕೆ ತೋಟದ ಕೆರೆಯಲ್ಲೋ, ಸೊಂಟಕ್ಕೆ ಕಟ್ಟಿದ ಒಂದು ಜೊತೆ ಒಣ ತೆಂಗಿನಕಾಯಿಗಳ ಬಲದಿಂದ. ನಾಲ್ಕು ಮಂದಿ ಒಟ್ಟಿಗೆ ಹಾರಿದಾಗ ಎದ್ದ ಅಲೆ ಮುರಕಲ್ಲಿನ ಕಟ್ಟೆಗೆ ಬಡಿದು ಮರಳಿ ಬಂದು ಮೂಗಿಗೂ ಬಾಯಿಗೂ ನೀರು ನುಗ್ಗಿಸುತ್ತಿದ್ದುದು ನೆನಪಿದ್ದವರಿಗೆ ಸ್ಪರ್ಧೆಯ ಈಜುಕೊಳದ ಮುಖ್ಯ ಸಮಸ್ಯೆ ಆಗಲೇ ಪರಿಚಿತವಾಗಿದೆ. ನಮಗೆ ಹತ್ತಿರದ ಮಂಗಳೂರಿನ ಎಮ್ಮೆಕೆರೆಯಲ್ಲಿರುವ ಕೊಳವೂ ವಿದೇಶಗಳ ವಿಶ್ವವಿದ್ಯಾಲಯಗಳ ದೊಡ್ಡ ಈಜು ಕೇಂದ್ರಗಳ ಕೊಳಗಳೂ 50 ಮೀಟರ್ ಉದ್ದದವೇ. ಆದರೆ ಉದ್ದ ಒಂದೇ ಆದ ಮಾತ್ರಕ್ಕೆ ಎರಡು ಕೊಳಗಳು ಸಮನಾಗುವುದಿಲ್ಲ. ಈಜುವವರು ಎಬ್ಬಿಸಿದ ಅಲೆಯನ್ನು ಕೊಳ ಏನು ಮಾಡುತ್ತದೆ ಎಂಬುದರ ಮೇಲೆ ಅದರ ಗುಣ ನಿಂತಿದೆ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಈಜಿನ ವೇಗ ಇಮ್ಮಡಿಯಾದರೆ ನೀರಿನ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಎದುರಿಸಲು ದೇಹ ಪ್ರತಿ ಸೆಕೆಂಡಿಗೆ ಒದಗಿಸಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಈ ತಡೆಯಲ್ಲಿ ಒಂದು ಪಾಲು ಚರ್ಮಕ್ಕೆ ನೀರು ಉಜ್ಜುವುದರಿಂದ ಬರುತ್ತದೆ, ಇನ್ನೊಂದು ದೇಹದ ಆಕಾರದಿಂದ. ಮೂರನೆಯದು, ವೇಗ ಏರಿದಂತೆ ಎಲ್ಲಕ್ಕಿಂತ ಹೆಚ್ಚು ಕಾಡುವುದು, ಅಲೆಯಿಂದ. ಮೇಲ್ಮೈಯಲ್ಲಿ ಸಾಗುವ ದೇಹ ದೋಣಿಯಂತೆ ಮುಂದೆ ನೀರನ್ನು ಗುಡ್ಡೆ ಹಾಕಿಕೊಂಡು ಅದನ್ನೇ ತಳ್ಳುತ್ತಾ ಹೋಗಬೇಕು. ಪಕ್ಕದವರ ಅಲೆಯೂ ಗೋಡೆಯಿಂದ ಮರಳಿದ ಅಲೆಯೂ ಬಂದು ಸೇರಿದರೆ ಕಷ್ಟ ಇನ್ನೂ ಹೆಚ್ಚುತ್ತದೆ.

ಅಲೆ ತಪ್ಪಿಸಿಕೊಳ್ಳುವುದಕ್ಕೆ ಇರುವ ಸುಲಭದ ದಾರಿ ಮುಳುಗಿ ಸಾಗುವುದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡೇವಿಡ್ ಬರ್ಕಾಫ್ 1988ರ ಸೋಲ್ ಒಲಿಂಪಿಕ್ಸ್‌ನ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ, ಅಂದರೆ ಅಂಗಾತ ಈಜುವ ಸ್ಪರ್ಧೆಯಲ್ಲಿ, ಮೊದಲ 50 ಮೀಟರಿನ ಅರ್ಧಕ್ಕಿಂತ ಹೆಚ್ಚು ದೂರವನ್ನು ನೀರಿನೊಳಗೇ, ಎರಡೂ ಕಾಲು ಜೋಡಿಸಿ ಮೀನಿನ ಬಾಲದಂತೆ ಬಡಿಯುತ್ತಾ ದಾಟಿದರು. ಅದು ಎಷ್ಟು ಪರಿಣಾಮಕಾರಿಯಾಗಿತ್ತೆಂದರೆ ಮುಂದೆ ನಿಯಮವನ್ನೇ ಬದಲಾಯಿಸಬೇಕಾಯಿತು: ಈಗ ಬ್ಯಾಕ್‌ಸ್ಟ್ರೋಕ್, ಫ್ರೀಸ್ಟೈಲ್ ಮತ್ತು ಬಟರ್‌ಫ್ಲೈ ಸ್ಪರ್ಧೆಗಳಲ್ಲಿ ಆರಂಭದಲ್ಲೂ ಪ್ರತಿ ತಿರುವಿನಲ್ಲೂ 15 ಮೀಟರಿನೊಳಗೆ ತಲೆ ಮೇಲೆ ಬರಲೇಬೇಕು.

ಉಳಿದ ದೂರದ ಹೊಣೆ ಕೊಳದ್ದು. ಆಧುನಿಕ ಕೊಳದಲ್ಲಿ ನೀರು ಅಂಚಿನ ಮಟ್ಟಕ್ಕೇ ತುಂಬಿರುತ್ತದೆ. ಬದಿಗೆ ಬಂದ ಅಲೆ ಗೋಡೆಗೆ ಬಡಿಯದೆ ಅಂಚನ್ನು ದಾಟಿ, ನಮ್ಮ ತೋಟದ ಕಣಿಯಂಥ ಒಂದು ಕಾಲುವೆಗೆ ಇಳಿದು ಅಲ್ಲಿಗೇ ಮುಗಿದುಹೋಗುತ್ತದೆ. ಒಬ್ಬೊಬ್ಬ ಈಜುಗಾರನಿಗೆ ಬಿಟ್ಟುಕೊಟ್ಟ ಓಣಿಗಳ, ಅಂದರೆ ಲೇನುಗಳ, ನಡುವೆ ಬಿಗಿದ ಬಣ್ಣಬಣ್ಣದ ಹಗ್ಗಗಳು ಕೇವಲ ಗಡಿಗೆರೆಗಳೆಂದು ನಾನು ಬಹುಕಾಲ ನಂಬಿದ್ದೆ. ಅವುಗಳಲ್ಲಿ ಪೋಣಿಸಿದ ಬಿಲ್ಲೆಗಳು ಅಲೆ ತಾಗಿದೊಡನೆ ತಿರುಗುತ್ತಾ ಅದನ್ನು ಸಣ್ಣ ಸಣ್ಣ ಸುಳಿಗಳಾಗಿ ಒಡೆದು, ಪಕ್ಕದ ಲೇನಿಗೆ ದಾಟದಂತೆ ಅದರ ಶಕ್ತಿಯನ್ನು ಕರಗಿಸುತ್ತವೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಗೆದ್ದ ಅಮೆರಿಕದ ಅಡಾಲ್ಫ್ ಕೀಫರ್ ಮುಂದೆ ಇಂಥ ಹಗ್ಗಗಳನ್ನು ರೂಪಿಸಿದವರಲ್ಲಿ ಪ್ರಮುಖರು; ತಾನೇ ಅಲೆ ಕುಡಿದವನಿಗೆ ಮಾತ್ರ ಹೊಳೆಯಬಹುದಾದ ಉಪಾಯವದು. 2.5 ಮೀಟರ್ ಅಗಲದ ಹತ್ತು ಲೇನುಗಳಿದ್ದರೂ ದೊಡ್ಡ ಸ್ಪರ್ಧೆಗಳಲ್ಲಿ ಎರಡೂ ಬದಿಯ ಲೇನುಗಳನ್ನು ಖಾಲಿ ಬಿಟ್ಟು ಎಂಟರಲ್ಲೇ ಈಜಿಸುವುದೂ ಅಲೆಯ ಕಾಟ ತಪ್ಪಿಸಲಿಕ್ಕೇ. ಆಳಕ್ಕೂ ಇಲ್ಲಿ ಪಾತ್ರವಿದೆ. ಕೈಕಾಲು ಕೆಳಕ್ಕೆ ತಳ್ಳಿದ ನೀರು ತಳಕ್ಕೆ ಬಡಿದು ಮೇಲೆ ಬಾರದಿರಲಿ ಎಂದು, 2 ಮೀಟರ್ ಸಾಕು ಎನ್ನುತ್ತಿದ್ದ ಕಡೆ ಈಗ 3 ಮೀಟರ್ ಆಳ ಒಳ್ಳೆಯದೆಂದು ವಿನ್ಯಾಸಕಾರರು ಹೇಳುತ್ತಾರೆ.

2 ಮೀಟರ್ ಆಳವೆಂದೇ ಲೆಕ್ಕ ಹಾಕಿದರೂ ಇಂಥ ಕೊಳದಲ್ಲಿ 25 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಲ್ಲಿ ತೊಟ್ಟಿಕ್ಕುವ ನೀರನ್ನು ಕೂಡಿಟ್ಟು ತೋಟ ಮಾಡಿದ ಕಾಸರಗೋಡಿನ ಜನಕ್ಕೆ ಈ ಅಂಕಿ ಅಳುಕು ಹುಟ್ಟಿಸುವುದು ಸಹಜ. ಆದರೆ ಆ ನೀರನ್ನು ದಿನವೂ ಬದಲಾಯಿಸುವುದಿಲ್ಲ. ಅಂಚಿನ ಕಾಲುವೆಗೆ ಬಿದ್ದದ್ದು ಶೋಧಕಗಳ ಮೂಲಕ ಹಾದು, ಕ್ಲೋರಿನ್ ಬೆರೆತು ಮತ್ತೆ ಕೊಳಕ್ಕೇ ಬರುತ್ತದೆ. ಕೊಳದ ಬಳಿ ಮೂಗಿಗೆ ಹೊಡೆಯುವ ಘಾಟು ಸ್ವಚ್ಛತೆಯ ಗುರುತಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಬೆವರು, ಮೂತ್ರಗಳೊಡನೆ ಕ್ಲೋರಿನ್ ಸೇರಿ ಉಂಟಾಗುವ ಕ್ಲೋರಮೈನುಗಳ ವಾಸನೆ ಅದು. ಸ್ನಾನ ಮಾಡಿ ನೀರಿಗಿಳಿಯಿರಿ ಎಂಬ ಫಲಕವನ್ನು ಹಾಕಿರುವುದು ಅದಕ್ಕಾಗಿಯೇ.

ಅಳತೆಯ ನಿಖರತೆಗೂ ಒಂದು ಮಿತಿಯಿದೆ ಎಂದು ಈಜಿನ ಲೋಕ ಕಲಿತದ್ದು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ. ನಾಲ್ಕೂ ಶೈಲಿಗಳನ್ನು ಒಬ್ಬರೇ ಈಜುವ 400 ಮೀಟರ್ ವೈಯಕ್ತಿಕ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕ್ಕೀ ಅವರನ್ನು ಸೋಲಿಸಿದ್ದು 0.002 ಸೆಕೆಂಡಿನಿಂದ. ಅಷ್ಟು ಹೊತ್ತಿನಲ್ಲಿ ಆ ವೇಗದ ಈಜುಗಾರ ಸಾಗುವುದು ಸುಮಾರು 3 ಮಿಲಿಮೀಟರ್. ಒಂದು ಲೇನು ಇನ್ನೊಂದಕ್ಕಿಂತ ಒಂದೇ ಮಿಲಿಮೀಟರ್ ಉದ್ದವಿದ್ದರೂ ಎಂಟು ಸುತ್ತಿಗೆ 8 ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಕಾಂಕ್ರೀಟನ್ನು ಅದಕ್ಕಿಂತ ಸೂಕ್ಷ್ಮವಾಗಿ ಕಟ್ಟುವವರಿಲ್ಲ. ಆಮೇಲೆ ಸೆಕೆಂಡಿನ ನೂರನೆಯ ಒಂದು ಭಾಗಕ್ಕೆ ಗಡಿಯಾರವನ್ನು ನಿಲ್ಲಿಸಿದರು. 2016ರ ರಿಯೊದಲ್ಲಿ 100 ಮೀಟರ್ ಬಟರ್‌ಫ್ಲೈಯ ಬೆಳ್ಳಿಯನ್ನು 51.14 ಸೆಕೆಂಡಿಗೆ ಮುಟ್ಟಿದ ಮೈಕೆಲ್ ಫೆಲ್ಪ್ಸ್, ಚಾಡ್ ಲೆ ಕ್ಲೋಸ್, ಲಾಸ್ಲೊ ಚೇ ಮೂವರೂ ಹಂಚಿಕೊಂಡರು. ನನಗೆ ಇದು ಗಡಿಯಾರದ ಸೋಲಾಗಿ ತೋರುವುದಿಲ್ಲ, ಪ್ರಾಮಾಣಿಕತೆಯಾಗಿ ತೋರುತ್ತದೆ.

ಇಂಥ ಕೊಳ ವಿಶ್ವವಿದ್ಯಾಲಯದಲ್ಲಿದ್ದರೆ ಅದು ಪ್ರಯೋಗಾಲಯವೂ ಆಗಬಲ್ಲದು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಒಲಿಂಪಿಕ್ ಈಜುಗಾರ ಮಾರ್ಕ್ ಸ್ಪಿಟ್ಜ್ ಅವರಿಗೆ ತರಬೇತಿ ನೀಡಿದ ಜೇಮ್ಸ್ ಕೌನ್ಸಿಲ್‌ಮನ್ ನೀರಿನೊಳಗಿಂದ ಚಿತ್ರ ತೆಗೆದು, ಒಳ್ಳೆಯ ಈಜುಗಾರರ ಕೈ ದೋಣಿಯ ಹುಟ್ಟಿನಂತೆ ನೇರವಾಗಿ ಹಿಂದಕ್ಕೆ ಬಾರದೆ ಬಾಗಿ ಬಳುಕಿ ಬರುವುದನ್ನು ತೋರಿಸಿದರು. ಅದಕ್ಕೆ ಅವರು ಕೊಟ್ಟ ವಿವರಣೆಯನ್ನು ಮುಂದಿನ ಸಂಶೋಧಕರು ತಿದ್ದಿದರೂ, ದಡದಲ್ಲಿ ನಿಂತು ಊಹಿಸುವ ಬದಲು ಇಳಿದು ನೋಡುವ ಪದ್ಧತಿ ಉಳಿಯಿತು. ಅಲ್ಲೇ ಡೈವಿಂಗ್ ಕಲಿಸುತ್ತಿದ್ದ ಹೋಬಿ ಬಿಲ್ಲಿಂಗ್ಸ್‌ಲಿ ನ್ಯೂಟನ್ನನ ನಿಯಮಗಳಿಂದಲೇ ಪಾಠ ಆರಂಭಿಸಿದರು.

ಡೈವಿಂಗ್ ಕೊಳದಲ್ಲಿ ಎಲ್ಲವೂ ತಿರುವುಮುರುವು. 10 ಮೀಟರ್ ಎತ್ತರದಿಂದ ಬಿಟ್ಟ ದೇಹ ಸುಮಾರು 1.4 ಸೆಕೆಂಡಿನಲ್ಲಿ, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನೀರನ್ನು ಮುಟ್ಟುತ್ತದೆ. ಮೊಣಕಾಲನ್ನು ಎದೆಗೆ ಅಪ್ಪಿದರೆ ತಿರುಗುವ ವೇಗ ಹೆಚ್ಚುತ್ತದೆ, ಚಾಚಿದರೆ ಕುಗ್ಗುತ್ತದೆ. ಯಾವ ಕ್ಷಣದಲ್ಲಿ ಚಾಚಬೇಕೆಂದು ತಿಳಿಯಲು ನೀರಿನ ಮೇಲ್ಮೈ ಕಾಣಬೇಕು. ನಿಶ್ಚಲವಾದ ತಿಳಿನೀರಾದರೆ ಕಣ್ಣು ಅದನ್ನು ದಾಟಿ 5 ಮೀಟರ್ ಕೆಳಗಿನ ತಳಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಪಕ್ಕದ ಕೊಳದಲ್ಲಿ ಅಷ್ಟು ಕಷ್ಟಪಟ್ಟು ಅಡಗಿಸಿದ ಅಲೆಯನ್ನು ಇಲ್ಲಿ ಕೊಳವೆಯಿಂದ ನೀರು ಚಿಮುಕಿಸಿ ಬೇಕೆಂದೇ ಎಬ್ಬಿಸುತ್ತಾರೆ. ಹೊಸ ಡೈವ್ ಕಲಿಯುವವರಿಗಾಗಿ ಕೆಲವು ಕೇಂದ್ರಗಳಲ್ಲಿ ತಳದಿಂದ ಗಾಳಿಯನ್ನೂ ಬಿಡುತ್ತಾರೆ. ಗುಳ್ಳೆ ತುಂಬಿದ ನೀರಿನ ಸಾಂದ್ರತೆ ಕಡಿಮೆಯಾಗುವುದರಿಂದ, ಕೆರೆಯ ಕಟ್ಟೆಯಿಂದ ಹಾರಿ ಹೊಟ್ಟೆ ಕೆಂಪು ಮಾಡಿಕೊಂಡ ನಮಗೆ ಸಿಗದಿದ್ದ ಮೆತ್ತೆ ಅವರಿಗೆ ಸಿಗುತ್ತದೆ. ಡೈವ್ ಕೈಗೂಡಿದ ಮೇಲೆ ಗಾಳಿಯನ್ನು ನಿಲ್ಲಿಸಿ, ಅದನ್ನೇ ಬರಿಯ ನೀರಿಗೆ ಮತ್ತೆ ಮಾಡಿಸುತ್ತಾರೆ.